ಅಪಾಯದ ಅಂಶಗಳನ್ನು ಮಗುವಿನ ಹಣೆಗೆ ಅಂಟಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿ ನಡೆದ ಪೋಷಕರ ಸಭೆಗೆ, ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತನಾದವನೆಂಬ ವಿಶ್ವಾಸದಿಂದ ನನ್ನನ್ನೂ ಕರೆದಿದ್ದರು. ಮಕ್ಕಳ ಮಾನಸಿಕ ಆರೋಗ್ಯ ಅಂದಿನ ವಿಷಯ. ಇಂಥದ್ದನ್ನು ಶಾಲೆಯಲ್ಲಿ ಬಾಯಿಬಿಟ್ಟು ಮಾತನಾಡುವ ಕಾಲ ಬಂತಲ್ಲ ಎಂಬ ಸಂತೋಷದಿಂದಲೇ ಹೋಗಿದ್ದೆ. ಸಭೆಯ ನಡುವೆ ಕೈಯಿಂದ ಕೈಗೆ ದಾಟಿದ ಎರಡು ಹಾಳೆಗಳನ್ನು ನೋಡಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ‘ಅಪಾಯದಲ್ಲಿರುವ ಮಕ್ಕಳು’ ಎಂಬ ತಲೆಬರಹದ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳ ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಕಾರಣ: ತಂದೆಗೆ ಕುಡಿತದ ಚಟ, ತಾಯಿ ಗಂಡನನ್ನು ಬಿಟ್ಟವಳು, ಅಣ್ಣ ಅರ್ಧಕ್ಕೇ ಶಾಲೆ ಬಿಟ್ಟವನು, ಕೂಲಿಗಾಗಿ ಗುಳೆ ಹೋಗುವ ಕುಟುಂಬ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಆ ಹಾಳೆಯಲ್ಲಿ ತನ್ನ ಮಗನ ಹೆಸರನ್ನು ಓದಿಕೊಂಡು, ಸೆರಗು ಹೊದ್ದು, ಯಾರಿಗೂ ಹೇಳದೆ ಎದ್ದು ಹೋದರು. ನಾನು ಆಕ್ಷೇಪಿಸಿದಾಗ ಒಬ್ಬ ಶಿಕ್ಷಕರು ಕೊಟ್ಟ ಉತ್ತರ ಇದು: ‘ಇವೆಲ್ಲ ಸಂಶೋಧನೆಯಿಂದ ಸಿದ್ಧಪಟ್ಟಿರೋ ರಿಸ್ಕ್ ಫ್ಯಾಕ್ಟರ್‌ಗಳು ಸಾರ್, ನಾವೇನೂ ಮನಸ್ಸಿಗೆ ಬಂದಂತೆ ಬರೆದಿಲ್ಲ.’

ಆ ಶಿಕ್ಷಕರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಅವರು ಹೇಳಿದ ರಿಸ್ಕ್ ಫ್ಯಾಕ್ಟರ್‌ಗಳು, ಅಂದರೆ ತೊಂದರೆಯ ಸಾಧ್ಯತೆಯನ್ನು ಹೆಚ್ಚಿಸುವ ಅಪಾಯದ ಅಂಶಗಳು, ಸಂಶೋಧನೆಗಳಲ್ಲಿ ಬರುವಂಥವೇ. ಆದರೆ ಸಾವಿರಾರು ಮಕ್ಕಳನ್ನು ಗುಂಪಾಗಿ ಗಮನಿಸಿ ಕಂಡುಕೊಂಡ ಒಂದು ಸಂಗತಿಯನ್ನು ಒಂದು ಮಗುವಿನ ಹೆಸರಿನ ಮುಂದೆ ಬರೆದಾಗ ಅದರ ಅರ್ಥವೇ ಬದಲಾಗಿಬಿಡುತ್ತದೆ. ಪತ್ರಿಕೆಗಳಲ್ಲಿಯೂ ‘ಇಂಥ ಮನೆಯ ಮಕ್ಕಳಿಗೆ ಮೂರು ಪಟ್ಟು ಅಪಾಯ’ ಎಂಬ ಧಾಟಿಯ ಶೀರ್ಷಿಕೆಗಳನ್ನು ಆಗಾಗ ಕಾಣುತ್ತೇವೆ. ಮೂರು ಪಟ್ಟು ಎಂದರೆ ಏನು ಎಂಬುದನ್ನು ಬಿಡಿಸಿ ಹೇಳದಿದ್ದರೆ ಓದುಗರು ಅದನ್ನು ಭವಿಷ್ಯವಾಣಿಯೆಂದೇ ಓದಿಕೊಳ್ಳುತ್ತಾರೆ. ಆದ್ದರಿಂದ ಮೊದಲು ಒಂದು ಲೆಕ್ಕವನ್ನು ಮಾಡಿ ತೋರಿಸಲು ಅನುಮತಿ ಕೋರುತ್ತೇನೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಹದಿಹರೆಯದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಲೆಕ್ಕಕ್ಕೆ ಸುಲಭವಾಗಲೆಂದು ಇದನ್ನು ಶೇ 7 ಎಂದಿಟ್ಟುಕೊಂಡರೆ, ಸಾವಿರ ಮಕ್ಕಳಲ್ಲಿ 70 ಮಕ್ಕಳಿಗೆ ತೊಂದರೆ ಇದೆ. ಈ ಸಾವಿರದಲ್ಲಿ 200 ಮಕ್ಕಳ ಮನೆಯಲ್ಲಿ ಯಾವುದೋ ಒಂದು ಅಪಾಯದ ಅಂಶ ಇದೆಯೆಂದೂ, ಅದು ತೊಂದರೆಯ ಸಾಧ್ಯತೆಯನ್ನು ಮೂರು ಪಟ್ಟು ಹೆಚ್ಚಿಸುತ್ತದೆಂದೂ ಊಹಿಸಿಕೊಳ್ಳೋಣ. ಆಗ ಆ 200 ಮಕ್ಕಳಲ್ಲಿ ಶೇ 15ರಷ್ಟು, ಅಂದರೆ 30 ಮಕ್ಕಳಿಗೆ ತೊಂದರೆ ಬರುತ್ತದೆ. ಉಳಿದ 800 ಮಕ್ಕಳಲ್ಲಿ ಶೇ 5ರಷ್ಟು, ಅಂದರೆ 40 ಮಕ್ಕಳಿಗೆ ಬರುತ್ತದೆ. ಮೂರು ಪಟ್ಟು ಎಂಬ ಮಾತು ಪೂರ್ತಿ ನಿಜವೇ. ಆದರೂ ಪಟ್ಟಿಗೆ ಸೇರಿಸಿದ 200 ಮಕ್ಕಳಲ್ಲಿ 170 ಮಕ್ಕಳಿಗೆ ಏನೂ ಆಗಿಲ್ಲ, ಮತ್ತು ನಿಜವಾಗಿ ನರಳುತ್ತಿರುವ 70 ಮಕ್ಕಳಲ್ಲಿ 40 ಮಂದಿ ಪಟ್ಟಿಯ ಹೊರಗೇ ಉಳಿದಿದ್ದಾರೆ. ಎಂಟನೆಯ ತರಗತಿಯ ಹುಡುಗರೂ ಮಾಡಬಹುದಾದ ಈ ಲೆಕ್ಕವನ್ನು ಪಟ್ಟಿ ಮಾಡುವ ಮೊದಲು ಯಾರಾದರೂ ಕರಿಹಲಗೆಯ ಮೇಲೆ ಬರೆದಿದ್ದರೆ ಅಂದಿನ ಆ ತಾಯಿ ಹಾಗೆ ಎದ್ದು ಹೋಗಬೇಕಾಗುತ್ತಿರಲಿಲ್ಲ.

ಪಟ್ಟಿಯ ಹೊರಗೆ ಉಳಿಯುವ ಆ 40 ಮಕ್ಕಳ ವಿಚಾರ ನನ್ನನ್ನು ಹೆಚ್ಚು ಕಾಡುತ್ತದೆ. ನನ್ನ ಸೇವಾವಧಿಯಲ್ಲಿ ಪಾಠದಲ್ಲಿ ಸದಾ ಮುಂದಿದ್ದ ಒಬ್ಬ ಹುಡುಗಿ ಇದ್ದಳು. ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದವರು, ಮನೆಯಲ್ಲಿ ಜಗಳವಿಲ್ಲ, ಕೊರತೆಯಿಲ್ಲ. ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ನಂತರ ಆಕೆ ನಿಧಾನವಾಗಿ ಮಾತು ಕಡಿಮೆ ಮಾಡಿದಳು; ಮಧ್ಯಾಹ್ನದ ಡಬ್ಬಿ ತೆರೆಯದೆ ವಾಪಸು ಹೋಗುತ್ತಿತ್ತು; ನೋಟ್‌ಬುಕ್ಕು ಮಾತ್ರ ಎಂದಿನಂತೆ ಅಚ್ಚುಕಟ್ಟು. ನಾವೆಲ್ಲ ಅದನ್ನು ಪರೀಕ್ಷೆಯ ಗಾಂಭೀರ್ಯವೆಂದು ಮೆಚ್ಚಿಕೊಂಡೆವು. ಅದು ತೀವ್ರ ಖಿನ್ನತೆಯೆಂದು ತಿಳಿಯುವ ಹೊತ್ತಿಗೆ ಆಕೆ ಶಾಲೆಗೆ ಬರುವುದನ್ನೇ ನಿಲ್ಲಿಸಿ ಎರಡು ತಿಂಗಳಾಗಿತ್ತು. ಯಾವ ಪಟ್ಟಿ ಮಾಡಿದ್ದರೂ ಆ ಹುಡುಗಿಯ ಹೆಸರು ಅದರಲ್ಲಿ ಬರುತ್ತಿರಲಿಲ್ಲ. ಬ್ರಿಟನ್ನಿನ ಸಾಂಕ್ರಾಮಿಕಶಾಸ್ತ್ರಜ್ಞ ಜೆಫ್ರಿ ರೋಸ್ 1985ರಲ್ಲಿಯೇ ಈ ಮಾತನ್ನು ಹೃದ್ರೋಗವೇ ಮೊದಲಾದ ಕಾಯಿಲೆಗಳನ್ನು ಮುಂದಿಟ್ಟು ವಿವರಿಸಿದ್ದರು: ಹೆಚ್ಚು ಅಪಾಯವಿರುವ ಕೆಲವರಿಗಿಂತ, ಕಡಿಮೆ ಅಪಾಯವಿರುವ ಬಹಳ ಜನರ ಗುಂಪಿನಿಂದಲೇ ಒಟ್ಟಾರೆಯಾಗಿ ಹೆಚ್ಚು ರೋಗಿಗಳು ಬರಬಹುದು. ಮಕ್ಕಳ ಮನಸ್ಸಿನ ವಿಷಯಕ್ಕೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಹಾಗಾದರೆ ಅಪಾಯದ ಅಂಶಗಳ ಸಂಶೋಧನೆಯೇ ವ್ಯರ್ಥವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಅದು ನಮಗೆ ಕಲಿಸಿರುವುದು ಬಹಳ. ಆದರೆ ಅದು ಕಲಿಸಿದ್ದು ಮಗುವಿನ ಸುತ್ತಣ ಬದುಕಿನ ಬಗ್ಗೆ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ 1960ರ ದಶಕದ ನಡುವೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿದ, ಮುಂದೆ ಲಂಡನ್ನಿನ ಮಕ್ಕಳನ್ನೂ ಅಧ್ಯಯನ ಮಾಡಿದ ಮನೋವೈದ್ಯ ಮೈಕೆಲ್ ರಟ್ಟರ್ ಅವರು ಕುಟುಂಬದ ಆರು ಕಷ್ಟಗಳನ್ನು ಗುರುತಿಸಿದರು: ತಂದೆ ತಾಯಿಯ ನಡುವೆ ತೀವ್ರ ವಿರಸ, ಕೆಳಗಿನ ಸಾಮಾಜಿಕ ಸ್ಥಿತಿ, ಕಿಕ್ಕಿರಿದ ಮನೆ ಅಥವಾ ಬಹಳ ಮಕ್ಕಳು, ತಂದೆಯ ಅಪರಾಧದ ಹಿನ್ನೆಲೆ, ತಾಯಿಯ ಮಾನಸಿಕ ಕಾಯಿಲೆ, ಮಗುವನ್ನು ಮನೆಯಿಂದ ಹೊರಗಿನ ಪಾಲನೆಗೆ ಕಳಿಸಬೇಕಾಗಿ ಬಂದದ್ದು. ಅವರಿಗೆ ಕಂಡ ಸಂಗತಿಯೆಂದರೆ, ಇವುಗಳಲ್ಲಿ ಒಂದೇ ಒಂದು ಕಷ್ಟವಿದ್ದ ಮಕ್ಕಳು ಯಾವ ಕಷ್ಟವೂ ಇಲ್ಲದ ಮಕ್ಕಳಿಗಿಂತ ಹೆಚ್ಚು ತೊಂದರೆಗೆ ಒಳಗಾಗಿರಲಿಲ್ಲ. ಎರಡು ಕಷ್ಟಗಳು ಒಟ್ಟಿಗೆ ಬಿದ್ದಾಗ ಮಾತ್ರ ಅಪಾಯ ನಾಲ್ಕು ಪಟ್ಟು ಏರುತ್ತಿತ್ತು, ಅದಕ್ಕಿಂತ ಹೆಚ್ಚಾದಾಗ ಇನ್ನೂ ಮೇಲಕ್ಕೆ. ಅಂದರೆ ಒಂದು ಭಾರವನ್ನು ಮಗು ಹೊರಬಲ್ಲದು, ಭಾರದ ಮೇಲೆ ಭಾರ ಹೇರಿದಾಗ ಬಾಗುತ್ತದೆ. ಹೊರೆಯಲ್ಲಿ ಒಂದನ್ನು ಇಳಿಸಿದರೂ ಪ್ರಯೋಜನವಾಗುತ್ತದೆಂಬುದನ್ನು ಈ ಅಧ್ಯಯನದಿಂದ ನಾವು ಕಲಿಯಬೇಕು. ನಾನು ನೋಡಿದ ಹಾಳೆಯಲ್ಲಿ ಬಹುಪಾಲು ಮಕ್ಕಳ ಹೆಸರಿನ ಮುಂದೆ ಇದ್ದದ್ದು ಒಂದೇ ಕಾರಣ.

ಹವಾಯಿಯ ಕವಾಯಿ ದ್ವೀಪದ ಅಧ್ಯಯನವನ್ನು ನಾನು ಶಿಕ್ಷಕರ ಸಭೆಗಳಲ್ಲಿ ಹಲವು ಸಲ ಪ್ರಸ್ತಾಪಿಸಿದ್ದೇನೆ. ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ಎಂಬ ಮನೋವಿಜ್ಞಾನಿಗಳು ಆ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಗರ್ಭದಲ್ಲಿದ್ದಾಗಿನಿಂದ ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳು ಬಡತನ, ಹೆರಿಗೆಯ ತೊಡಕು, ಮನೆಯ ಕಲಹ, ತಂದೆ ಅಥವಾ ತಾಯಿಯ ಕುಡಿತ ಇಲ್ಲವೇ ಮಾನಸಿಕ ಕಾಯಿಲೆಗಳಂತಹ ಹಲವು ಕಷ್ಟಗಳ ನಡುವೆ ಹುಟ್ಟಿದವರು. ಅಂಥವರಲ್ಲಿ ಮೂರರಲ್ಲಿ ಇಬ್ಬರಿಗೆ ಹದಿನೆಂಟು ತುಂಬುವುದರೊಳಗೆ ಕಲಿಕೆಯದೋ ವರ್ತನೆಯದೋ ಸಮಸ್ಯೆ ಬಂದದ್ದು ನಿಜ. ಮೂರನೆಯವನು ಮಾತ್ರ ಸಮರ್ಥನೂ ಆತ್ಮವಿಶ್ವಾಸಿಯೂ ಇತರರ ಬಗ್ಗೆ ಕಾಳಜಿಯುಳ್ಳವನೂ ಆಗಿ ಬೆಳೆದ. ಸಮಸ್ಯೆಗೆ ಸಿಲುಕಿದವರಲ್ಲಿಯೂ ಬಹಳ ಮಂದಿ ಮೂವತ್ತು ದಾಟುವ ಹೊತ್ತಿಗೆ ಚೇತರಿಸಿಕೊಂಡಿದ್ದರು. ಚೆನ್ನಾಗಿ ಬೆಳೆದ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಒಬ್ಬ ಹಿರಿಯರ ಆಸರೆ. ಅದು ತಂದೆ ತಾಯಿಯದೇ ಆಗಬೇಕೆಂದಿರಲಿಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಕೆಲವೊಮ್ಮೆ ಶಾಲೆಯ ಶಿಕ್ಷಕರು. ಹೆಸರಿನ ಮುಂದೆ ಅಪಾಯವೆಂದು ಬರೆಸಿಕೊಂಡ ಹುಡುಗನಿಗೆ ಇಂಥ ಶಿಕ್ಷಕರೊಬ್ಬರು ಸಿಗುವ ಸಾಧ್ಯತೆ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದನ್ನು ಶಿಕ್ಷಕರ ಕೊಠಡಿಯಲ್ಲಿ ಕುಳಿತು ಬಲ್ಲವರೆಲ್ಲ ಹೇಳಬಲ್ಲರು.

ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ, ಜೊತೆಯಲ್ಲಿ ಕಾಣಿಸಿಕೊಳ್ಳುವುದನ್ನೆಲ್ಲ ಕಾರಣವೆಂದು ಭಾವಿಸುವುದು. ಬಡ ಮನೆಗಳ ಮಕ್ಕಳಲ್ಲಿ ವರ್ತನೆಯ ಸಮಸ್ಯೆಗಳು ಹೆಚ್ಚು ಎಂದು ಅಧ್ಯಯನವೊಂದು ಹೇಳಿದ ಕೂಡಲೇ, ಆ ಮನೆಗಳ ಸಂಸ್ಕಾರವೇ ಸರಿಯಿಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ಬಡತನ ಸಮಸ್ಯೆಯನ್ನು ತಂದಿತೋ, ಅಥವಾ ಬೇರಾವುದೋ ದೋಷ ಬಡತನವನ್ನೂ ಸಮಸ್ಯೆಯನ್ನೂ ಒಟ್ಟಿಗೆ ತಂದಿತೋ ಎಂಬುದನ್ನು ಬರೀ ಎಣಿಕೆಯಿಂದ ಹೇಳಲಾಗದು. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಗುಡ್ಡಗಾಡಿನಲ್ಲಿ ಜೇನ್ ಕಾಸ್ಟೆಲೊ ಮತ್ತು ಸಂಗಡಿಗರು 1993ರಿಂದ 1,420 ಮಕ್ಕಳನ್ನು ವರ್ಷ ವರ್ಷವೂ ಮಾತನಾಡಿಸುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಚೆರೋಕಿ ಎಂಬ ಮೂಲನಿವಾಸಿ ಸಮುದಾಯದ ಮಕ್ಕಳು. ಅಧ್ಯಯನದ ನಡುವೆ ಆ ಸಮುದಾಯದ ನೆಲದಲ್ಲಿ ಒಂದು ಕ್ಯಾಸಿನೊ ತೆರೆಯಿತು. ಅದರ ಲಾಭದಲ್ಲಿ ಒಂದು ಪಾಲು ಸಮುದಾಯದ ಪ್ರತಿಯೊಬ್ಬರಿಗೂ, ಅವರು ದುಡಿಯಲಿ ಬಿಡಲಿ, ಹಂಚಿಕೆಯಾಗತೊಡಗಿತು. ಹೀಗೆ ಬಡತನದಿಂದ ಮೇಲೆ ಬಂದ ಮನೆಗಳ ಮಕ್ಕಳಲ್ಲಿ ಹಟ, ಸಿಡುಕು, ಹೊಡೆದಾಟ, ಕಳವಿನಂತಹ ವರ್ತನೆಯ ಸಮಸ್ಯೆಗಳು ಇಳಿದು, ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಬಂದವು. ಆ ಮನೆಗಳಲ್ಲಿ ಬದಲಾದದ್ದು ಮುಖ್ಯವಾಗಿ ಒಂದು: ತಂದೆ ತಾಯಿಗೆ ಮಕ್ಕಳ ಮೇಲೆ ಕಣ್ಣಿಡಲು ಬಿಡುವು ಸಿಕ್ಕಿತ್ತು. ಆತಂಕ ಮತ್ತು ಖಿನ್ನತೆಗಳಲ್ಲಿ ಮಾತ್ರ ಅಂಥ ಇಳಿಕೆ ಕಾಣಲಿಲ್ಲ. 2003ರಲ್ಲಿ ಪ್ರಕಟವಾದ ಈ ಫಲಿತಾಂಶದ ಎರಡು ಭಾಗಗಳೂ ಮುಖ್ಯ. ಹಣದಿಂದ ಯಾವುದು ಸರಿಹೋಗುತ್ತದೆ, ಯಾವುದು ಸರಿಹೋಗುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದ ಅಧ್ಯಯನಗಳು ಅಪರೂಪ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ ₹2,000 ಕೊಡಲಾಗುತ್ತಿದೆ. ಪಕ್ಷಗಳ ವಾದವಿವಾದಗಳನ್ನು ಬದಿಗಿಟ್ಟು, ಆ ಹಣ ಕೈ ಸೇರಿದ ಮನೆಗಳ ಮಕ್ಕಳ ನಿದ್ದೆ, ಹಾಜರಾತಿ, ವರ್ತನೆ ಹೇಗೆ ಬದಲಾಗಿವೆ ಎಂದು ಕೆಲವು ವರ್ಷ ಶಿಸ್ತಾಗಿ ಅಳೆಯುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕೆಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ.

ಸಂಶೋಧನೆಯ ಹೆಸರಿನಲ್ಲಿ ಅವಸರದಿಂದ ಬಂದ ತೀರ್ಮಾನ ಮುಂದೆ ನಿಲ್ಲದೆ ಹೋದ ನಿದರ್ಶನವೂ ಇದೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಬಿಡದೆ ಹಿಂಬಾಲಿಸುತ್ತಿರುವ ಅಧ್ಯಯನವು ಈ ಕ್ಷೇತ್ರದ ಅತ್ಯಂತ ಗೌರವದ ಅಧ್ಯಯನಗಳಲ್ಲಿ ಒಂದು. ಜೀವನದ ಕಷ್ಟಗಳು ಎದುರಾದಾಗ ಮಿದುಳಿನಲ್ಲಿ ಕೆಲಸ ಮಾಡುವ ಸಿರೊಟೋನಿನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ವಂಶವಾಹಿಯ ಒಂದು ರೂಪ ಉಳ್ಳವರಿಗೆ ಖಿನ್ನತೆ ಬೇಗ ಬರುತ್ತದೆಂದು ಆ ಅಧ್ಯಯನದ ಆಧಾರದ ಮೇಲೆ 2003ರಲ್ಲಿ ಪ್ರಕಟವಾಯಿತು. ಲೋಕದಾದ್ಯಂತ ಸುದ್ದಿಯಾಯಿತು, ‘ಖಿನ್ನತೆಯ ಜೀನ್’ ಎಂಬ ಮಾತು ಜನಜನಿತವಾಯಿತು. 2009ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ನಿಲ್ಲಲಿಲ್ಲ. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿಯನ್ನು ಪರಿಶೀಲಿಸಿದಾಗಲೂ ನಿಲ್ಲಲಿಲ್ಲ. ಇದರಿಂದ ಡ್ಯುನೆಡಿನ್ನಿನ ಗೌರವ ಕುಂದಿತೆಂದು ನಾನು ಭಾವಿಸುವುದಿಲ್ಲ. ಬೇರೆಯವರು ಮತ್ತೆ ಅಳೆದು ನೋಡಿ ತಪ್ಪನ್ನು ತಿದ್ದುವುದೇ ವಿಜ್ಞಾನದ ಶೀಲ. ಆದರೆ ಮೊದಲ ಸುದ್ದಿ ಬಂದ ದಿನವೇ ಯಾರಾದರೂ ಶಾಲಾ ಮಕ್ಕಳ ರಕ್ತ ತೆಗೆದು ಪಟ್ಟಿ ಮಾಡಿದ್ದರೆ, ವಿಜ್ಞಾನ ತನ್ನನ್ನು ತಿದ್ದಿಕೊಂಡ ಮೇಲೆ ಆ ಪಟ್ಟಿಗಳನ್ನು ತಿದ್ದುವವರು ಯಾರಿರುತ್ತಿದ್ದರು?

ಇಷ್ಟೆಲ್ಲ ಹೊರದೇಶಗಳ ಮಾತಾಯಿತು. ಇಂಥ ಅಧ್ಯಯನಗಳಲ್ಲಿ ನಮ್ಮ ನಾಡಿನ ಪಾಲು ಚಿಕ್ಕದೇನಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮೈಸೂರಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟುಕೊಂಡು ಬಂದಿದ್ದಾರೆ. ಆ ದಾಖಲೆಗಳನ್ನು ಹಿಡಿದು ಮನೆ ಮನೆಗೆ ಹೋಗಿ, ನಡುವಯಸ್ಸು ದಾಟಿದವರನ್ನು ಪತ್ತೆ ಮಾಡಿ, ಹುಟ್ಟುವಾಗಿನ ಕಡಿಮೆ ತೂಕಕ್ಕೂ ಮುಂದಿನ ಹೃದ್ರೋಗಕ್ಕೂ ಇರುವ ನಂಟನ್ನು 1996ರಲ್ಲಿ ಜಗತ್ತಿಗೆ ತೋರಿಸಿದ್ದು ಈ ಊರಿನ ಅಧ್ಯಯನ. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರಿಗೆ ಹುಟ್ಟಿದ ಮಕ್ಕಳನ್ನು ಮತ್ತೆ ಮತ್ತೆ ಕರೆಸಿ ಪರೀಕ್ಷಿಸುವ ಇನ್ನೊಂದು ಅಧ್ಯಯನ ಆರಂಭವಾಯಿತು. ಆ ಮಕ್ಕಳಿಗೆ ಒಂಬತ್ತು–ಹತ್ತು ವರ್ಷವಾದಾಗ ಐನೂರಕ್ಕೂ ಹೆಚ್ಚು ಮಂದಿಯ ಕಲಿಕೆ ಮತ್ತು ನೆನಪಿನ ಸಾಮರ್ಥ್ಯವನ್ನು ಅಳೆದರು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಸೊಪ್ಪು ಬೇಳೆಗಳಿಂದ ಸಿಗುವ ಫೋಲೇಟ್ ಎಂಬ ಜೀವಸತ್ವದ ಅಂಶ ಚೆನ್ನಾಗಿದ್ದವರ ಮಕ್ಕಳ ಸಾಧನೆ ಮೇಲಿತ್ತು. ತಾಯಿಯ ತಟ್ಟೆಯಲ್ಲಿದ್ದ ಸೊಪ್ಪು ಬೇಳೆಗಳಿಗೂ ಹತ್ತು ವರ್ಷದ ನಂತರ ಮಗು ನೆನಪಿಟ್ಟುಕೊಳ್ಳುವ ಪದಗಳಿಗೂ ಸಂಬಂಧವಿರಬಹುದೆಂಬ ಈ ಸಂಗತಿಯನ್ನು ಓದಿದಾಗ, ನನ್ನ ತರಗತಿಯಲ್ಲಿ ‘ದಡ್ಡರು’ ಎಂದು ಕರೆಸಿಕೊಂಡ ಮಕ್ಕಳ ಮುಖಗಳು ಒಂದೊಂದಾಗಿ ನೆನಪಾದವು.

ಅಪಾಯದ ಅಂಶಗಳನ್ನೇ ನೇರವಾಗಿ ಗುರಿಯಾಗಿಟ್ಟುಕೊಂಡ ಇನ್ನೂ ದೊಡ್ಡ ಪ್ರಯತ್ನ ಸಿ–ವೇದ ಎಂಬ ಹೆಸರಿನದು. ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸೇರಿ, ನಿಮ್ಹಾನ್ಸ್‌ನ ಮನೋವೈದ್ಯ ವಿವೇಕ್ ಬೆನೆಗಲ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದ ಗುಂಟರ್ ಶೂಮನ್ ಅವರ ನೇತೃತ್ವದಲ್ಲಿ, ಆರರಿಂದ ಇಪ್ಪತ್ತಮೂರು ವರ್ಷದವರೆಗಿನ ಸುಮಾರು ಒಂಬತ್ತು ಸಾವಿರ ಮಕ್ಕಳು ಮತ್ತು ಯುವಜನರನ್ನು ಏಳು ಕೇಂದ್ರಗಳಲ್ಲಿ ಸೇರಿಸಿಕೊಂಡರು. ಏಳರಲ್ಲಿ ಮೂರು ಕೇಂದ್ರಗಳು ನಮ್ಮ ರಾಜ್ಯದವು: ಬೆಂಗಳೂರಿನ ನಿಮ್ಹಾನ್ಸ್ ಮತ್ತು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಮತ್ತು ಮೈಸೂರಿನ ಮೇಲೆ ಹೇಳಿದ ಆಸ್ಪತ್ರೆ. ಉಳಿದವು ಚಂಡೀಗಡ, ಕೋಲ್ಕತ್ತ, ಇಂಫಾಲ ಮತ್ತು ಆಂಧ್ರದ ರಿಷಿ ವ್ಯಾಲಿ. ಮನೆಯ ಪರಿಸ್ಥಿತಿ, ಶಾಲೆಯ ವಾತಾವರಣ, ಸ್ವಭಾವ, ಹಿರಿಯರ ದುಶ್ಚಟಗಳ ಜೊತೆಗೆ ಸೀಸ, ಆರ್ಸೆನಿಕ್‌ನಂತಹ ವಿಷಗಳ ಪ್ರಭಾವವನ್ನೂ ಇಲ್ಲಿ ಪರಿಶೀಲಿಸುತ್ತಾರೆ. ಒಂದು ಭಾಗದ ಮಕ್ಕಳ ಮಿದುಳಿನ ಎಂಆರ್‌ಐ ಚಿತ್ರಗಳನ್ನೂ ತೆಗೆದಿದ್ದಾರೆ. ಈ ವಿಸ್ತಾರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮಗು ಒಂದು ಕಡೆ ಕುಳಿತುಕೊಳ್ಳುವುದಿಲ್ಲ, ಸುಮ್ಮನೆ ಜಗಳ ತೆಗೆಯುತ್ತದೆ ಎಂಬ ದೂರಿಗೆ ಮನೆಯ ಸಂಸ್ಕಾರವನ್ನು ದೂಷಿಸುವವರಿಗೆ, ದೇಹದಲ್ಲಿ ಸೇರಿಕೊಂಡ ಸೀಸವೂ ಗಮನವನ್ನೂ ಬುದ್ಧಿಯನ್ನೂ ಕೆಡಿಸುತ್ತದೆಂಬುದು ತೋಚುವುದೇ ಇಲ್ಲ. ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಅವರು 1979ರಲ್ಲಿ ಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿ ಸೀಸವನ್ನು ಅಳೆದು, ಅದು ಹೆಚ್ಚಿದ್ದ ಮಕ್ಕಳ ಬಗ್ಗೆಯೇ ಶಿಕ್ಷಕರ ದೂರುಗಳೂ ಹೆಚ್ಚಿದ್ದುದನ್ನು ತೋರಿಸಿದರು. ನಮ್ಮಲ್ಲಿ ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸುವ ನಿಯಮ 2017ರ ನವೆಂಬರ್‌ನಿಂದ ಜಾರಿಗೆ ಬಂತು. ಇದಕ್ಕಾಗಿ ಒಂದು ಮಗುವಿನ ಹೆಸರನ್ನೂ ಯಾವ ಹಾಳೆಯಲ್ಲಿಯೂ ಬರೆಯಬೇಕಾಗಲಿಲ್ಲ.

ತಾಯಂದಿರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅಂದಿನ ಹಾಳೆಯಲ್ಲಿ ಅವರ ಮೇಲೆ ಹೊರಿಸಿದ ಕಾರಣಗಳೇ ಹೆಚ್ಚಿದ್ದವು. ತಾಯಿಯ ಖಿನ್ನತೆ ಮಗುವಿಗೆ ಅಪಾಯದ ಅಂಶವೆಂಬುದು ನಿಜ. ಆದರೆ ತಾಯಿಗೆ ಖಿನ್ನತೆ ಏಕೆ ಬಂತು? ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಬಾಣಂತಿಯರ ನಡುವೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡತನ ಮತ್ತು ಗಂಡನ ಹಿಂಸೆ ಬಾಣಂತಿಯ ಖಿನ್ನತೆಗೆ ಹತ್ತಿರದ ನಂಟುಳ್ಳವೆಂದೂ, ಹುಟ್ಟಿದ್ದು ಹೆಣ್ಣುಮಗುವಾದಾಗ ಆ ಅಪಾಯ ಇನ್ನಷ್ಟು ಹೆಚ್ಚುತ್ತದೆಂದೂ ಕಂಡುಬಂತು. ಹೆಣ್ಣು ಹೆತ್ತಳೆಂದು ಹಂಗಿಸುವ ಮನೆ, ಕೈಯೆತ್ತುವ ಗಂಡ, ಇವುಗಳನ್ನು ಬಿಟ್ಟು ‘ತಾಯಿಗೆ ಮಾನಸಿಕ ತೊಂದರೆ’ ಎಂದಷ್ಟೇ ಬರೆದರೆ ಹೊಡೆದವನ ಹೆಸರು ಬಿಟ್ಟು ಹೊಡೆಸಿಕೊಂಡವಳ ಹೆಸರನ್ನು ಪೊಲೀಸ್ ಠಾಣೆಯಲ್ಲಿ ಬರೆಸಿದಂತಾಗುತ್ತದೆ. ‘ಗಂಡನನ್ನು ಬಿಟ್ಟವಳು’ ಎಂದು ಹಾಳೆಯಲ್ಲಿದ್ದ ಆ ತಾಯಿ, ತನ್ನ ಮಗನ ತಲೆಯ ಮೇಲಿದ್ದ ಎರಡು ಭಾರಗಳಲ್ಲಿ ಒಂದನ್ನು ಇಳಿಸಲೆಂದೇ ಆ ಮನೆಯಿಂದ ಹೊರಬಂದಿರಬಹುದಲ್ಲವೇ?

ಶಾಲೆ ಏನು ಮಾಡಬಹುದೆಂಬುದಕ್ಕೆ ಬಿಹಾರದ ನಳಂದ ಜಿಲ್ಲೆಯಿಂದ ಒಂದು ಗಟ್ಟಿಯಾದ ಉತ್ತರವಿದೆ. ಅಲ್ಲಿ ‘ಸೆಹರ್’ ಎಂಬ ಕಾರ್ಯಕ್ರಮವನ್ನು 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಪರೀಕ್ಷಿಸಿದರು. ಕೆಲವು ಶಾಲೆಗಳಿಗೆ ಅಲ್ಪಾವಧಿಯ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನು ಕೊಟ್ಟರು, ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಒಬ್ಬ ಶಿಕ್ಷಕರಿಗೆ ವಹಿಸಿದರು, ಉಳಿದವುಗಳಲ್ಲಿ ಇದ್ದದ್ದು ಇದ್ದಂತೆಯೇ ನಡೆಯಿತು. ಕೆಲಸವೆಂದರೆ ಇಡೀ ಶಾಲೆಯ ವಾತಾವರಣವನ್ನು ಸುಧಾರಿಸುವುದು: ಮಕ್ಕಳ ಅಹವಾಲಿಗೆ ಪೆಟ್ಟಿಗೆ, ಗೋಡೆಪತ್ರಿಕೆ, ಗುಂಪು ಚರ್ಚೆ, ಪೀಡನೆಯ ವಿರುದ್ಧ ನಿಯಮ, ಬೇಕಾದವರಿಗೆ ಖಾಸಗಿಯಾಗಿ ಮಾತು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆಪ್ತಸಮಾಲೋಚಕರಿದ್ದ ಶಾಲೆಗಳಲ್ಲಿ ಖಿನ್ನತೆ, ಪೀಡನೆ, ಹಿಂಸೆ ಎಲ್ಲವೂ ಇಳಿದಿದ್ದವು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಶಿಕ್ಷಕನಾಗಿದ್ದವನಿಗೆ ಇದು ನೋವಿನ ಮಾತಾದರೂ ನನಗೆ ಅಚ್ಚರಿಯಾಗಲಿಲ್ಲ. ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಗಣತಿ, ಪೋರ್ಟಲ್‌ಗೆ ಮಾಹಿತಿ ತುಂಬುವುದು, ಇವುಗಳ ನಡುವೆ ಅರವತ್ತು ಮಕ್ಕಳ ತರಗತಿಯನ್ನು ನಿಭಾಯಿಸುವವರ ಬಳಿ ಹೋಗಿ ಮಗುವೊಂದು ಮನಸ್ಸು ಬಿಚ್ಚುವುದು ಸುಲಭವಲ್ಲ. ಅಂಕ ಕೊಡುವವರ ಮುಂದೆ ಅಂಜಿಕೆಯೂ ಇರುತ್ತದೆ. ಪಟ್ಟಿ ತಯಾರಿಸಿದ ಶಿಕ್ಷಕರನ್ನು ನಾನು ದೂರದಿರುವುದಕ್ಕೆ ಇದೂ ಒಂದು ಕಾರಣ. ತಮಗೆ ಸಲ್ಲದ ಕೆಲಸವನ್ನು ಅವರ ಕೈಗೆ ಕೊಟ್ಟಾಗ ಅವರು ತಮಗೆ ಗೊತ್ತಿದ್ದ ರೀತಿಯಲ್ಲಿ, ಒಂದು ನಮೂನೆ ತುಂಬುವ ಹಾಗೆ ಅದನ್ನು ತುಂಬಿದ್ದಾರೆ.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರಿಗೆ ನನ್ನ ಕೋರಿಕೆಗಳನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡುತ್ತೇನೆ. ಶಿಕ್ಷಣ ಇಲಾಖೆಯು ಪ್ರೌಢಶಾಲೆಗಳಿಗೆ, ಎಲ್ಲ ಶಾಲೆಗಳಿಗೆ ಒಮ್ಮೆಲೇ ಆಗದಿದ್ದರೆ ಎರಡು ಮೂರು ಶಾಲೆಗಳಿಗೆ ಒಬ್ಬರಂತೆಯಾದರೂ, ಪಾಠದ ಹೊಣೆಯಿಲ್ಲದ ತರಬೇತಾದ ಆಪ್ತಸಮಾಲೋಚಕರನ್ನು ನೇಮಿಸಬೇಕು. ಅವರು ಎಲ್ಲ ಮಕ್ಕಳಿಗೂ ಸಿಗುವಂತಿರಬೇಕೇ ಹೊರತು ಪಟ್ಟಿಯಲ್ಲಿರುವವರಿಗೆ ಮಾತ್ರವಲ್ಲ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 23ನೇ ಕಲಮು ಚಿಕಿತ್ಸೆಗೆ ಬಂದವರ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ. ಆಸ್ಪತ್ರೆಯ ಒಳಗೆ ಸಲ್ಲುವ ಈ ಮರ್ಯಾದೆ ಶಾಲೆಯ ಕೋಣೆಯಲ್ಲಿ ಮಕ್ಕಳಿಗೂ ಸಲ್ಲಬೇಕು. ಮಗುವಿನ ಮನೆಯ ಪರಿಸ್ಥಿತಿಯನ್ನು ಸಭೆಯಲ್ಲಿ ಓದುವುದನ್ನು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವುದನ್ನು ಲಿಖಿತ ಸುತ್ತೋಲೆಯ ಮೂಲಕ ನಿಷೇಧಿಸಬೇಕು. ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಬೇಕು. ಅದಕ್ಕೆ ಒಂದು ಡಬ್ಬಿ ಬಣ್ಣದಷ್ಟೇ ಖರ್ಚು.

ಸಂಶೋಧಕರಲ್ಲಿಯೂ ಒಂದು ಮನವಿ ಇದೆ. ರಾಷ್ಟ್ರೀಯ ಸಮೀಕ್ಷೆಯ ಪೂರ್ವಭಾವಿ ಅಧ್ಯಯನ ನಮ್ಮ ಕೋಲಾರದಲ್ಲಿ ನಡೆಯಿತಾದರೂ ಮುಖ್ಯ ಸಮೀಕ್ಷೆಯ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹೀಗಿರುವಾಗ ಮೈಸೂರು, ಬೆಂಗಳೂರುಗಳಲ್ಲಿ ವರ್ಷಗಟ್ಟಲೆ ರಕ್ತ ಕೊಟ್ಟು, ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಹಕರಿಸಿರುವ ಮನೆಗಳ ಮಾಹಿತಿ ನಮ್ಮ ಪಾಲಿಗೆ ಇನ್ನೂ ಬೆಲೆಯುಳ್ಳದ್ದು. ಇಂಥ ಅಧ್ಯಯನಗಳ ಪ್ರಯೋಜನವಿರುವುದೇ ಅದೇ ಮಕ್ಕಳ ಬಳಿಗೆ ಮತ್ತೆ ಮತ್ತೆ ಹೋಗುವುದರಲ್ಲಿ. ಕವಾಯಿ ದ್ವೀಪದಲ್ಲಿ ಹದಿನೆಂಟನೆಯ ವಯಸ್ಸಿಗೇ ಎಣಿಕೆ ನಿಲ್ಲಿಸಿದ್ದರೆ ಮುಂದೆ ಚೇತರಿಸಿಕೊಂಡವರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆದ್ದರಿಂದ ಅನುದಾನದ ಅವಧಿ ಮುಗಿಯಿತೆಂದು ಇವು ನಿಲ್ಲದಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನೋಡಿಕೊಳ್ಳಬೇಕು. ಪ್ರತಿ ಸುತ್ತಿನ ಫಲಿತಾಂಶವನ್ನು ಸರಳವಾದ ಕನ್ನಡದಲ್ಲಿ ಅಚ್ಚು ಹಾಕಿಸಿ ಭಾಗವಹಿಸಿದ ಮನೆಗಳಿಗೂ ಸುತ್ತಲಿನ ಅಂಗನವಾಡಿ, ಶಾಲೆಗಳಿಗೂ ತಲುಪಿಸಬೇಕು. ಪತ್ರಿಕೆಗಳು ಇಂಥ ಸುದ್ದಿಗಳನ್ನು ಪ್ರಕಟಿಸುವಾಗ ‘ಎಷ್ಟು ಪಟ್ಟು’ ಎಂಬುದರ ಪಕ್ಕದಲ್ಲಿಯೇ ‘ನೂರರಲ್ಲಿ ಎಷ್ಟು ಮಕ್ಕಳು’ ಎಂಬುದನ್ನೂ ಬರೆಯಬೇಕೆಂದು ತಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಆ ಹಾಳೆಗಳು ಈಗಲೂ ಆ ಶಾಲೆಯ ಕಚೇರಿಯ ಬೀರುವಿನಲ್ಲಿವೆ. ಅವನ್ನು ನಾಶಪಡಿಸಬೇಕೆಂದು, ಮತ್ತು ಎದ್ದು ಹೋದ ಆ ತಾಯಿಯ ಮನೆಗೆ ಮುಖ್ಯೋಪಾಧ್ಯಾಯರು ಸ್ವತಃ ಹೋಗಿ ಮಾತನಾಡಿಸಬೇಕೆಂದು ಲಿಖಿತವಾಗಿ ಕೇಳಿಕೊಂಡಿದ್ದೇನೆ. ಹುಡುಗ ಕಳೆದ ವಾರದಿಂದ ಮತ್ತೆ ಶಾಲೆಗೆ ಬರುತ್ತಿದ್ದಾನೆಂದು ತಿಳಿಯಿತು. ಗಣಿತದಲ್ಲಿ ಹಿಂದಿದ್ದಾನಂತೆ, ಸಂಜೆ ಹೊತ್ತು ಬಂದರೆ ಹೇಳಿಕೊಡುತ್ತೇನೆಂದು ಹೇಳಿ ಕಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಮೈಸೂರು ಜಿಲ್ಲೆ